ಕೊರಳಿಗೆ ತಾಳಿ ಬಿದ್ದ ಮೇಲೂ ಕೈಯ ಕೆಲಸ ಬಿಡದ ನಾಯಕಿ ಯಾವ ಧಾರಾವಾಹಿಯಲ್ಲಿದ್ದಾಳೆ?

ರೊಟ್ಟಿಮನೆ, ವಿಜಯಪುರ:

ಎಲ್ಲರಿಗೂ ನಮಸ್ಕಾರ. ವಿಜಯಪುರದ ಅಥಣಿ ರಸ್ತೆಯ ಕಡೆ ನನ್ನದೊಂದು ಖಾನಾವಳಿ ಇದೆ. ತಿಂಗಳ ಲೆಕ್ಕದಲ್ಲಿ ಊಟ ಮಾಡುವವರು 32 ಹುಡುಗಿಯರು. ಅರ್ಧ ಮಂದಿ ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದವರು, ಉಳಿದವರು ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದಲು ಹಳ್ಳಿಗಳಿಂದ ಬಂದು ಕೋಣೆ ಹಿಡಿದವರು. ಕೈ ತೊಳೆಯುವ ತೊಟ್ಟಿಯ ಮೇಲಿನ ಗೋಡೆಗೆ ಒಂದು ಟಿವಿ ಹಾಕಿಸಿದ್ದೇನೆ. ರಿಮೋಟ್ ಮಾತ್ರ ನನ್ನ ಗಲ್ಲಾಪೆಟ್ಟಿಗೆಯೊಳಗೆ. ಆಗೊಮ್ಮೆ ಈಗೊಮ್ಮೆ ಬರುವ ಗಂಡಸರು ಕ್ರಿಕೆಟ್ ಹಾಕಿ ಎಂದರೆ ಒಂದು ಸೌಟು ಝುಣಕ ಹೆಚ್ಚು ಬಡಿಸಿ ಸುಮ್ಮನಾಗಿಸುತ್ತೇನೆ.

ನನಗಿರುವ ಹುಚ್ಚು ಒಂದೇ. ಹರೆಯದ ಹುಡುಗಿಯೊಬ್ಬಳು ಎದೆ ಸೆಟೆದು ನಿಲ್ಲುವ ಧಾರಾವಾಹಿ ಎಂದರೆ ಒಲೆಯ ಮೇಲಿನ ಪಲ್ಯ ತಳ ಹಿಡಿದರೂ ಎದ್ದು ಹೋಗುವುದಿಲ್ಲ. ‘ಗಟ್ಟಿಮೇಳ’ದ ಅಮೂಲ್ಯ ಬಾಯಿ ತೆರೆದರೆ ನನಗೆ ನನ್ನ ಹತ್ತೊಂಬತ್ತನೆಯ ವಯಸ್ಸು ನೆನಪಾಗುತ್ತಿತ್ತು. ‘ಕನ್ನಡತಿ’ಯ ಭುವನೇಶ್ವರಿ ಕನ್ನಡ ಪಾಠ ಹೇಳುವುದನ್ನು ನೋಡಿ, ನಮ್ಮಲ್ಲಿ ಬಿ.ಎಡ್. ಓದುವ ಹುಡುಗಿಯೊಬ್ಬಳು ನನ್ನ ದರಪಟ್ಟಿಯ ಕಾಗುಣಿತವನ್ನೆಲ್ಲ ತಿದ್ದಿಕೊಟ್ಟಳು. ‘ಪುಟ್ಟಕ್ಕನ ಮಕ್ಕಳು’ ಬಗ್ಗೆಯಂತೂ ಕೇಳಬೇಡಿ. ನನ್ನ ತವರು ಬನಹಟ್ಟಿ. ಉಮಾಶ್ರೀ 2013ರಲ್ಲಿ ತೇರದಾಳ ಕ್ಷೇತ್ರದಿಂದ ಗೆದ್ದು ಮಂತ್ರಿಯಾದವರು, ಹಾಗಾಗಿ ನಮ್ಮ ಓಣಿಗೆ ಅವರು ಮನೆಯವರಿದ್ದ ಹಾಗೆ. ಅವರು ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ಪುಟ್ಟಕ್ಕನಾಗಿ ಬಂದಾಗ ನನಗೆ ಏನಾಗಿರಬೇಕು, ನೀವೇ ಊಹಿಸಿ.

ಒಂದು ಕೆಟ್ಟ ಅಭ್ಯಾಸವಿದೆ ನನಗೆ. ನಾಯಕಿಯ ಮುಖ ನೋಡುವುದಕ್ಕಿಂತ ಮೊದಲು ಕೈ ನೋಡುತ್ತೇನೆ. ಹೊಸಬಳು ಕೆಲಸ ಕೇಳಿಕೊಂಡು ಬಂದರೂ ಹೀಗೆಯೇ. ರೊಟ್ಟಿ ಬಡಿಯಲು ಬಲ್ಲವಳ ಬಲಗೈ ಹಿಟ್ಟಿನ ಮೇಲೆ ಬೀಳುವಾಗ ಎಡಗೈ ಅಂಚನ್ನು ಕಾಯುತ್ತಿರುತ್ತದೆ, ರೊಟ್ಟಿ ತಾನೇ ತಿರುಗಿದ ಹಾಗೆ ಕಾಣುತ್ತದೆ. ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುವಾಗ ಆವಿ ಬೆರಳಿಗೆ ಬಡಿಯುತ್ತದೆ. ಕಲಿಯದವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ, ಕಲಿತವಳು ಕಿರುಬೆರಳನ್ನು ಮಡಿಸುತ್ತಾಳೆ, ಅಷ್ಟೇ. ‘ಸತ್ಯ’ದಲ್ಲಿ ಗೌತಮಿ ಜಾದವ್ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದಾಗ ನಾನು ಮೊದಲು ನೋಡಿದ್ದು ಆ ಕೈಯನ್ನೇ. ಆಮೇಲೆ ಆದದ್ದೇನು? ಅಕ್ಕ ಮದುವೆಮನೆಯಿಂದ ಓಡಿಹೋದಳು, ಅದೇ ವರನ ಮುಂದೆ ಇವಳ ಕೊರಳೊಡ್ಡಿಸಿದರು. ಅಲ್ಲಿಂದ ಕಂತುಗಟ್ಟಲೆ ಅತ್ತೆಯ ಮನಸ್ಸು ಗೆಲ್ಲುವುದೇ ಅವಳ ಉದ್ಯೋಗವಾಯಿತು. ಸ್ಪ್ಯಾನರ್ ಹಿಡಿದ ಕೈಗೆ ಆರತಿ ತಟ್ಟೆ ಬಂತು. ಆರತಿ ಮಾಡಬಾರದೆಂದು ನಾನು ಹೇಳುತ್ತಿಲ್ಲ, ಗುರುವಾರ ನಾನೂ ಮಾಡುತ್ತೇನೆ. ಆದರೆ ಅಂದು ಖಾನಾವಳಿಯ ಬಾಗಿಲು ಹಾಕುವುದಿಲ್ಲ.

ಪುಟ್ಟಕ್ಕನ ಮಗಳು ಸ್ನೇಹಾ ಮಾತ್ರ ಮದುವೆಯಾದ ಮೇಲೂ ಓದಿ ಜಿಲ್ಲಾಧಿಕಾರಿಯಾದಳು. ಅವಳು ಪಾಸಾದ ದಿನ ನಾನು ಎಲ್ಲರ ತಟ್ಟೆಗೂ ಒಂದೊಂದು ಶೇಂಗಾ ಹೋಳಿಗೆ ಹಾಕಿದ್ದೆ. ಅಂಥವಳನ್ನು 2024ರ ಕೊನೆಯಲ್ಲಿ ಕೊಂದೇಬಿಟ್ಟರು. ಹೃದಯ ತೆಗೆದು ಇನ್ನೊಬ್ಬ ಹುಡುಗಿಗೆ ಹಾಕಿದರು, ಆ ಹುಡುಗಿಯ ಹೆಸರೂ ಸ್ನೇಹಾ. ಆ ರಾತ್ರಿ ಕೆಎಎಸ್‌ಗೆ ಓದುವ, ಸಿಂದಗಿ ಕಡೆಯ ಹುಡುಗಿಯೊಬ್ಬಳು ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಮಡಚಿಟ್ಟು ಕೈ ತೊಳೆದು ಹೊರಟುಹೋದಳು. ಮರುದಿನ ಬಂದವಳೇ ಕೇಳಿದಳು: “ಅಕ್ಕ, ಡಿಸಿ ಅಲ್ಲವೇ ಅವಳು? ಬೇಕಾದರೆ ರಾಯಚೂರಿಗೋ ಚಾಮರಾಜನಗರಕ್ಕೋ ವರ್ಗ ಮಾಡಬಹುದಿತ್ತು. ಕೊಲ್ಲಲೇಬೇಕಿತ್ತೇ?”

ಈಗ ನನ್ನ ಪ್ರಶ್ನೆ. ಯಾವ ಭಾಷೆಯದ್ದಾದರೂ ಸರಿ, ಹುಡುಗಿಯ ಕೆಲಸ ಕೊನೆಯ ಕಂತಿನವರೆಗೂ ಅವಳ ಕೈಯಲ್ಲೇ ಉಳಿಯುವ ಧಾರಾವಾಹಿ ಇದೆಯೇ? ಗೊತ್ತಿದ್ದವರು ತಿಳಿಸಿ.

ನಿವೃತ್ತ ಮಾಸ್ತರ, ಗೋಕಾಕ:

ತಂಗಿ, ನೀವು ಹುಟ್ಟಿದ್ದು ಸ್ವಲ್ಪ ತಡವಾಯಿತು ಅನ್ನಿಸುತ್ತದೆ. 1998ರಲ್ಲಿ ಚಂದನದಲ್ಲಿ ‘ಮಾಯಾಮೃಗ’ ಬರುತ್ತಿತ್ತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ್ದು. ನಮ್ಮ ಹಳ್ಳಿಯಲ್ಲಿ ಕರೆಂಟು ಹೋದರೆ ನನ್ನ ತಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಕಪ್ಪು ಬಿಳುಪಿನ ಟಿವಿಗೆ ಹಚ್ಚುತ್ತಿದ್ದ. ಬೆಳಿಗ್ಗೆ ಟ್ರ್ಯಾಕ್ಟರ್ ಚಾಲೂ ಆಗುತ್ತಿರಲಿಲ್ಲ, ಅಪ್ಪ ಬೈಯುತ್ತಿದ್ದರು. ಮಾಳವಿಕಾ ಪಾತ್ರದ ಮಾತಿನ ಹರಿತ ನೋಡಿ ನನ್ನ ಹೆಂಡತಿ ನನಗೆ ಎದುರಾಡಲು ಕಲಿತಳು ಎಂದು ಈಗಲೂ ಹೇಳುತ್ತೇನೆ. ಮೊದಲೇ ಬರುತ್ತಿತ್ತು ಎನ್ನುತ್ತಾಳೆ ಅವಳು.

ನಿಮಗೆ ನಾನು ಹೇಳುವುದು ‘ಮಗಳು ಜಾನಕಿ’. ಅದೂ ಸೀತಾರಾಮ್ ಅವರದೇ, 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಶುರುವಾಯಿತು. ಗಾನವಿ ಲಕ್ಷ್ಮಣ್ ಮಾಡಿದ ಜಾನಕಿ ಐಪಿಎಸ್ ಅಧಿಕಾರಿ. ಒಂದೇ ತೊಡಕು. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತದ್ದು ಮತ್ತೆ ಮುಂದುವರಿಯಲಿಲ್ಲ, ಕಥೆ ನಡುದಾರಿಯಲ್ಲೇ ಉಳಿಯಿತು. ಕೆಲಸ ಅವಳ ಕೈಯಿಂದ ಹೋಗಲಿಲ್ಲ ಎಂದು ಬೇಕಾದರೆ ಸಮಾಧಾನ ಮಾಡಿಕೊಳ್ಳಿ.

ಲೈಟ್ ಹಿಡಿದವನು, ಬಾದಾಮಿ:

ಅಕ್ಕ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಧಾರಾವಾಹಿಗಳಿಗೆ ಲೈಟ್ ಹಿಡಿದಿದ್ದೇನೆ, ಈಗ ಊರಲ್ಲಿ ಮದುವೆ ಶಾಮಿಯಾನದ ಕೆಲಸ. ನೀವು ಕಥೆ ಬರೆಯುವವರನ್ನು ಬೈಯುತ್ತಿದ್ದೀರಿ. ತುಸು ಬಾಡಿಗೆಯ ಲೆಕ್ಕವನ್ನೂ ನೋಡಿ. ದಿನಕ್ಕೊಂದು ಕಂತು ಪ್ರಸಾರವಾಗಬೇಕು. ಒಂದು ಕಂತೆಂದರೆ ಜಾಹೀರಾತು ಬಿಟ್ಟು ಇಪ್ಪತ್ತು ಚಿಲ್ಲರೆ ನಿಮಿಷ, ಅಷ್ಟನ್ನು ಒಂದು ದಿನದಲ್ಲಿ ಮುಗಿಸಲು ಒದ್ದಾಡುತ್ತೇವೆ. ನಾಯಕನ ಮನೆ ಎಂದು ಒಂದು ಬಂಗಲೆ ಬಾಡಿಗೆಗೆ ಹಿಡಿದಿರುತ್ತಾರೆ. ಅಲ್ಲಿ ಮೆಟ್ಟಿಲ ಕೆಳಗೊಂದು, ದೇವರ ಕೋಣೆಯ ಮುಂದೊಂದು ಲೈಟು ನಿಂತೇ ಇರುತ್ತದೆ, ಸ್ವಿಚ್ ಒತ್ತಿದರೆ ಸಾಕು. ಗ್ಯಾರೇಜಿಗೋ ಡಿಸಿ ಕಚೇರಿಗೋ ಹೋಗಬೇಕೆಂದರೆ ಜನರೇಟರ್ ವ್ಯಾನು, ಅನುಮತಿ, ಹಿಂದೆ ಓಡಾಡಲು ಇಪ್ಪತ್ತು ಜನ, ಅವರಿಗೆಲ್ಲ ಊಟ. ಮಳೆ ಬಂದರೆ ಆ ದಿನವೇ ಹೋಯಿತು. ಹೀಗಾಗಿ ಮದುವೆ ಆಗುವವರೆಗೆ ಹುಡುಗಿ ಊರೆಲ್ಲ ಸುತ್ತುತ್ತಾಳೆ, ಆಮೇಲೆ ಪಡಸಾಲೆ ಬಿಟ್ಟು ಕದಲುವುದಿಲ್ಲ. ಅತ್ತೆ ಬಿಡುವುದಿಲ್ಲ ಎಂದು ನೀವು ತಿಳಿಯುತ್ತೀರಿ. ನಿಜವಾಗಿ ಬಿಡದವನು ನಿರ್ಮಾಣದ ಲೆಕ್ಕ ಬರೆಯುವವನು.

ಇನ್ನೊಂದು, ಗುರುವಾರ. ಆ ದಿನ ವಾರದ ಟಿಆರ್‌ಪಿ ಬರುತ್ತದೆ. ಅಂಕಿ ಇಳಿದಿದ್ದರೆ ಶುಕ್ರವಾರ ಬೆಳಿಗ್ಗೆ ಸೆಟ್ಟಿಗೆ ಬರುವ ಕಾಗದದಲ್ಲಿ ನಾಯಕಿ ಜಾರಿ ಬೀಳುತ್ತಾಳೆ, ಇಲ್ಲವೇ ಅವಳ ನೆನಪು ಹಾರುತ್ತದೆ. ಸ್ನೇಹಾ ವಿಷಯ ಬೇರೆ. ಆ ಪಾತ್ರ ಮಾಡಿದ ಸಂಜನಾ ಬುರ್ಲಿ ಮುಂದಿನ ಓದಿಗೆಂದು ಧಾರಾವಾಹಿ ಬಿಟ್ಟರು. ನಿಮ್ಮ ಸಿಂದಗಿಯ ಹುಡುಗಿಗೆ ಹೇಳಿ: ಪರದೆಯ ಮೇಲೆ ಸತ್ತವಳು ಹೊರಗೆ ಓದಲು ಕುಳಿತಿದ್ದಾಳೆ.

ಸುಮ್ಮನೆ ಓದುಗ, ಮುಧೋಳ:

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಟಿವಿ ಆರಿಸಿ ಒಂದು ಒಳ್ಳೆಯ ಪುಸ್ತಕ ಓದಬಾರದೇ?

ರೊಟ್ಟಿಮನೆ, ವಿಜಯಪುರ:

ಮುಧೋಳದ ಅಣ್ಣನವರೇ, ಪುಸ್ತಕ ಓದಲು ಎರಡೂ ಕೈ ಬೇಕು. ನನ್ನವು ಹಿಟ್ಟಿನಲ್ಲಿರುತ್ತವೆ.

ಬಾದಾಮಿಯ ತಮ್ಮಾ, ನೀನು ಹೇಳಿದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ. ಸಿಂದಗಿಯವಳು ನಕ್ಕಳು, ಆದರೂ ಪೂರ್ತಿ ಒಪ್ಪಿಲ್ಲ. ನಟಿ ಬಿಟ್ಟುಹೋದರೆ ಬೇರೆಯವರನ್ನು ತಂದು ಅದೇ ಕುರ್ಚಿಯಲ್ಲಿ ಕೂಡಿಸಬಹುದಿತ್ತು, ಸರಕಾರಿ ಕುರ್ಚಿ ಯಾರಿಗಾಗಿ ಕಾಯುತ್ತದೆ ಎನ್ನುತ್ತಾಳೆ.

ಮೂಲೆಯ ಮೇಜು, ವಿಜಯಪುರ:

ಅಕ್ಕ, ರಿಮೋಟ್ ಗಲ್ಲಾಪೆಟ್ಟಿಗೆಯಲ್ಲಿ ಎಂದು ಓದಿದ ಕೂಡಲೇ ಇದು ನಮ್ಮ ಖಾನಾವಳಿಯೇ ಎಂದು ಗೊತ್ತಾಯಿತು. ಫ್ಯಾನಿನ ಕೆಳಗೆ ಕೂರುವ ಎಂ.ಎ. ಹುಡುಗಿ ನಾನು. ಎದುರಿಗೆ ಹೇಳಲು ಸಂಕೋಚ, ಇಲ್ಲೇ ಬರೆಯುತ್ತೇನೆ.

ನೀವು ಕೇಳಿದ್ದು ಕೊರಿಯಾದ ‘ದೇ ಜಾಂಗ್ ಗಮ್’ನಲ್ಲಿದೆ. 2003-04ರಲ್ಲಿ ಅಲ್ಲಿನ ಎಂಬಿಸಿ ವಾಹಿನಿಯಲ್ಲಿ ಬಂದದ್ದು, ಒಟ್ಟು 54 ಕಂತು, ಅಲ್ಲಿಗೆ ಮುಗಿಯಿತು. ನಮ್ಮವರ ಹಾಗೆ ಸಾವಿರ ದಾಟಿಸುವುದಿಲ್ಲ. ಅಪ್ಪ ಅಮ್ಮ ಇಲ್ಲದ ಹುಡುಗಿ ಅರಮನೆಯ ಅಡುಗೆಮನೆಗೆ ಸೇರುತ್ತಾಳೆ, ಒಳಜಗಳದಲ್ಲಿ ಸಿಕ್ಕಿ ದ್ವೀಪವೊಂದಕ್ಕೆ ಗಡಿಪಾರಾಗುತ್ತಾಳೆ, ಅಲ್ಲಿ ವೈದ್ಯ ಕಲಿತು ಹಿಂದಿರುಗಿ ಕೊನೆಗೆ ರಾಜನ ವೈದ್ಯೆಯಾಗುತ್ತಾಳೆ. ಹದಿನಾರನೆಯ ಶತಮಾನದ ರಾಜನೊಬ್ಬನ ಆಳ್ವಿಕೆಯ ದಾಖಲೆಗಳಲ್ಲಿ ಜಾಂಗ್ ಗಮ್ ಎಂಬ ವೈದ್ಯೆಯ ಹೆಸರು ನಿಜಕ್ಕೂ ಇದೆ. ಉಳಿದದ್ದು ಕಟ್ಟಿದ ಕಥೆ.

ಒಂದು ದೃಶ್ಯ ಹೇಳುತ್ತೇನೆ. ಅಡುಗೆಮನೆಯ ಹಿರಿಯಳು ಆ ಪುಟ್ಟ ಹುಡುಗಿಗೆ “ಕುಡಿಯಲು ನೀರು ತಾ” ಎನ್ನುತ್ತಾಳೆ. ತಂದರೆ ಬೇಡ ಎನ್ನುತ್ತಾಳೆ. ಮರುದಿನ ಮತ್ತೆ ಅದೇ. ಬಿಸಿನೀರು ತಂದರೂ ಬೇಡ, ತಣ್ಣೀರು ತಂದರೂ ಬೇಡ. ಕೊನೆಗೊಂದು ದಿನ ಹುಡುಗಿ ನೀರು ತರುವ ಮೊದಲು ಕೇಳುತ್ತಾಳೆ: ಹೊಟ್ಟೆ ನೋವಿದೆಯೇ, ಬಹಿರ್ದೆಸೆ ಸರಿಯಾಗಿದೆಯೇ, ಗಂಟಲು ಕೆರೆಯುತ್ತಿದೆಯೇ? ಗಂಟಲು ಸ್ವಲ್ಪ ನೋವು ಎಂದಾಗ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ ತಂದು, ಒಮ್ಮೆಲೇ ಕುಡಿಯಬೇಡಿ, ಚಹಾ ಕುಡಿದ ಹಾಗೆ ಗುಟುಕು ಗುಟುಕಾಗಿ ಕುಡಿಯಿರಿ ಎನ್ನುತ್ತಾಳೆ. ಹಿರಿಯಳಿಗೆ ಬೇಕಾಗಿದ್ದದ್ದು ಅದೇ.

ಮದುವೆಯ ನಂತರ ಕೆಲಸ ಉಳಿಯುತ್ತದೆಯೇ ಎಂದು ಕೇಳಿದಿರಿ. ಉತ್ತರ 54ನೆಯ ಕಂತಿನಲ್ಲಿದೆ. ನಾನು ಹೇಳುವುದಿಲ್ಲ.

ರಾತ್ರಿಪಾಳಿ, ಬೆಳಗಾವಿ:

ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಲೇಥ್ ಮೇಲೆ ಕೆಲಸ ನನ್ನದು. ಕೈ ನೋಡುವ ನಿಮ್ಮ ಮಾತು ಹಿಡಿಸಿತು ಅಕ್ಕ, ನಮ್ಮಲ್ಲೂ ಹಾಗೆಯೇ.

ಅಮೆರಿಕದ ‘ಬಫಿ’ ಎಂಬುದು ನನ್ನ ಕಡೆಯಿಂದ. 1997ರಿಂದ 2003ರವರೆಗೆ 7 ಸರಣಿ, 144 ಕಂತು. ಸಾರಾ ಮಿಶೆಲ್ ಗೆಲ್ಲರ್ ಮಾಡಿದ ಬಫಿ ಹೈಸ್ಕೂಲು ಹುಡುಗಿ, ರಾತ್ರಿಯಾದರೆ ರಕ್ತಪಿಶಾಚಿಗಳನ್ನು ಕೊಲ್ಲುವುದು ಅವಳ ಪಾಲಿಗೆ ಬಂದ ಕೆಲಸ. ದೆವ್ವದ ಕಥೆ ಎಂದು ಮೂಗು ಮುರಿಯಬೇಡಿ, ನಾನು ಹೇಳಹೊರಟದ್ದು ಆರನೆಯ ಸರಣಿಯ ಬಗ್ಗೆ. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದಾಳೆ. ನೂರನೆಯ ಕಂತಿನಲ್ಲಿ ಬಫಿಯೇ ತಂಗಿಯನ್ನು ಉಳಿಸಲು ಪ್ರಾಣ ಕೊಟ್ಟು, ಗೆಳೆಯರ ಮಾಟದಿಂದ ಮರಳಿ ಬಂದಿದ್ದಾಳೆ. ಬಂದು ನೋಡಿದರೆ ಆಸ್ಪತ್ರೆಯ ಖರ್ಚಿಗೆ ದುಡ್ಡೆಲ್ಲ ಕರಗಿದೆ, ನೆಲಮಾಳಿಗೆಯ ಪೈಪು ಒಡೆದು ಮನೆಯೊಳಗೆ ನೀರು. ಸಾಲ ಕೇಳಲು ಬ್ಯಾಂಕಿಗೆ ಹೋದರೆ ಕೊಡುವುದಿಲ್ಲ. ಪ್ರಪಂಚವನ್ನು ಎಷ್ಟು ಸಲ ಉಳಿಸಿದ್ದಾಳೆ ಎಂದು ಅರ್ಜಿಯಲ್ಲಿ ಬರೆಯಲಾಗುತ್ತದೆಯೇ? ಕೊನೆಗೆ ಹುಡುಗಿ ಬರ್ಗರ್ ಅಂಗಡಿ ಸೇರುತ್ತಾಳೆ, ತಲೆಯ ಮೇಲೆ ದನದ ಮುಖದ ವಿಚಿತ್ರ ಟೋಪಿ. ಹಗಲು ಬರ್ಗರ್, ರಾತ್ರಿ ಪಿಶಾಚಿ, ನಡುವೆ ತಂಗಿಯ ಶಾಲೆ. ಅಣ್ಣ ತೀರಿಕೊಂಡ ವರ್ಷ ನಾನು ಎರಡು ಪಾಳಿ ಮಾಡುತ್ತಿದ್ದೆ. ಊಟದ ಬಿಡುವಿನಲ್ಲಿ ಮೊಬೈಲ್‌ನಲ್ಲಿ ಅದನ್ನು ನೋಡಿ, ಡಬ್ಬಿ ಮುಚ್ಚಿ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದೆ.

ರೊಟ್ಟಿಮನೆ, ವಿಜಯಪುರ:

ಮಾಸ್ತರರಿಗೆ, ಬಾದಾಮಿಯ ತಮ್ಮನಿಗೆ, ಎಲ್ಲರಿಗೂ ಶರಣು. ಮೂಲೆಯ ಮೇಜಿನವಳನ್ನು ಅಂದೇ ರಾತ್ರಿ ಹಿಡಿದೆ. ಮಾತು ಇಂಗ್ಲಿಷ್ ಅಕ್ಷರಗಳಲ್ಲಿ ಕೆಳಗೆ ಬರುತ್ತದೆ, ಅವಳು ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋಗಬೇಕು, ಅದಕ್ಕೆ ಬದಲಾಗಿ ಈ ತಿಂಗಳ ಊಟದಲ್ಲಿ ಮುನ್ನೂರು ರೂಪಾಯಿ ಮಾಫಿ. ಹತ್ತು ಗಂಟೆಗೆ ಬಾಗಿಲೆಳೆದು ಮೊಬೈಲನ್ನು ಟಿವಿಗೆ ಜೋಡಿಸಿ ಕೂರುತ್ತೇವೆ. ಮರುದಿನದ ಕಡಕ್ ರೊಟ್ಟಿ ಮಾಡುವ ನನ್ನ ಇಬ್ಬರು ಹೆಂಗಸರೂ ಜೊತೆಗೆ.

ನೀರಿನ ದೃಶ್ಯ ನಿನ್ನೆ ಬಂತು. ಇಬ್ಬರಲ್ಲಿ ಹಿರಿಯಳು, ಇಪ್ಪತ್ತು ವರ್ಷದಿಂದ ನನ್ನ ಹಂಚಿನ ಮುಂದೆ ಇದ್ದವಳು, ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. “ಹುಡುಗಿಗೆ ಇದನ್ನು ತಾಯಿ ಕಲಿಸಿರಬೇಕು” ಎಂದಳು. ನಿಜಕ್ಕೂ ಹಾಗೆಯೇ ಇತ್ತು, ಮುಂದಿನ ಮಾತಿನಲ್ಲೇ ಬಂತು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿತ್ತು. ಇಂದು ಮಧ್ಯಾಹ್ನ ನೋಡಿದರೆ ಅವಳು ಹುಡುಗಿಯರಿಗೆ ಮಜ್ಜಿಗೆ ಕೊಡುವ ಮೊದಲು “ನೆಗಡಿ ಇದೆಯೇನು?” ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಾಳೆ. ಸಾಲು ಬಾಗಿಲ ಹೊರಗೆ ಹೋಗಿತ್ತು.

ಬೆಳಗಾವಿಯ ತಮ್ಮಾ, ಇದು ಮುಗಿದ ಮೇಲೆ ನಿನ್ನ ಹುಡುಗಿಯನ್ನು ನೋಡುತ್ತೇವೆ. ದೆವ್ವ ಎಂದರೆ ನನಗೆ ಭಯ, ಆರನೆಯ ಸರಣಿಯಿಂದ ಶುರು ಮಾಡಿದರೆ ನಡೆಯುತ್ತದೆಯೇ? ಮತ್ತೆ ಆ ಬರ್ಗರ್ ಅಂಗಡಿಯಲ್ಲಿ ಅವಳಿಗೆ ಗಂಟೆಗೆ ಎಷ್ಟು ಕೂಲಿ ಎಂದು ಎಲ್ಲಾದರೂ ಹೇಳುತ್ತಾರೆಯೇ?