ಎಮ್ಡೆನ್ ಹಡಗಿನ 1:100 ಮಾದರಿ: ತೂಕ, ಪ್ರೊಪೆಲರ್, ಬಣ್ಣ

ಕೆರೆದಡ, ಮೈಸೂರು
ಜರ್ಮನಿಯ ಯುದ್ಧನೌಕೆ ಎಮ್ಡೆನ್‌ನ ಮಾದರಿ ಮಾಡಬೇಕು, ನೀರಲ್ಲಿ ಓಡುವಂಥದ್ದು. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿದಾಗಿನ ರೂಪ ಬೇಕು. ಕೈಗೆ ಸಿಕ್ಕಿರುವ ನಕ್ಷೆ ಡ್ರೆಸ್ಡೆನ್ ಎಂಬ ಹಡಗಿನದು, ನಡೆಯುತ್ತಾ? ಒಟ್ಟು ತೂಕ ಎಷ್ಟಿರಬೇಕು? ಥರ್ಮಕೋಲ್ ಅಚ್ಚಿನ ಮೇಲೆ ಫೈಬರ್ ಹಾಕೋಣ ಅಂತಿದ್ದೇನೆ. ನಾಲ್ಕನೇ ಹೊಗೆಗೊಳವೆ ಇಡಬೇಕಾ?

ಉಳಿ-ಸುತ್ತಿಗೆ
ನೀರಿನ ಮೇಲಿನ ಭಾಗಕ್ಕೆ ಆ ನಕ್ಷೆ ಬಹುಮಟ್ಟಿಗೆ ಸಾಕು. ಹಿಂಬದಿಯ ಅಡಿಭಾಗಕ್ಕೆ ಆಗಲ್ಲ. ಎರಡೂ ಒಂದೇ ವರ್ಗದ ಹಡಗಾದರೂ ಡ್ರೆಸ್ಡೆನ್‌ಗೆ ಟರ್ಬೈನ್ ಹಾಕಿದ್ದರು, ಪ್ರೊಪೆಲರ್ ನಾಲ್ಕು. ಎಮ್ಡೆನ್‌ಗೆ ಹಳೆಯ ಪಿಸ್ಟನ್ ಆವಿ ಎಂಜಿನ್ ಎರಡು, ಪ್ರೊಪೆಲರೂ ಎರಡೇ. ಹಾಗಾಗಿ ಶಾಫ್ಟ್ ರಂಧ್ರ ಕೊರೆಯುವ ಮೊದಲು ನಕ್ಷೆ ತಿದ್ದಿಕೊಳ್ಳಿ.

ಅಳತೆ: ಉದ್ದ 118.3 ಮೀಟರ್, ಅಗಲ 13.5, ನೀರಿನೊಳಗೆ ಸುಮಾರು 5.5. ನಿಮ್ಮ ಮಾದರಿಗೆ ಅದು 118.3, 13.5, 5.5 ಸೆಂಟಿಮೀಟರ್. ತೂಕದಲ್ಲಿ ಎಡವುವವರೇ ಜಾಸ್ತಿ. ಸ್ಕೇಲ್ 100 ಅಂದರೆ ತೂಕ ನೂರರಲ್ಲಿ ಒಂದು ಪಾಲಲ್ಲ; ಉದ್ದ, ಅಗಲ, ಎತ್ತರ ಮೂರೂ ನೂರು ಪಟ್ಟು ಕುಗ್ಗುವುದರಿಂದ ಹತ್ತು ಲಕ್ಷದಲ್ಲಿ ಒಂದು ಪಾಲು. ಹಡಗಿನ ವಿನ್ಯಾಸದ ತೂಕ 3,664 ಟನ್, ಪೂರ್ತಿ ತುಂಬಿದಾಗ 4,268. ನಿಮಗೆ 3.66ರಿಂದ 4.27 ಕೆಜಿ, ಬ್ಯಾಟರಿಯೂ ಸೇರಿ.

ಥರ್ಮಕೋಲ್ ಮೇಲೆ ನೇರವಾಗಿ ಪಾಲಿಯೆಸ್ಟರ್ ರೆಸಿನ್ ಹಚ್ಚಲೇಬೇಡಿ, ಅದರಲ್ಲಿರುವ ಸ್ಟೈರೀನ್ ಅಚ್ಚನ್ನೇ ಕರಗಿಸುತ್ತೆ. ಎಪಾಕ್ಸಿ ಬಳಸಿ. ಇಲ್ಲವೇ ಒಂದು ಚೂರೂ ಬಿಡದೆ ಪ್ಯಾಕಿಂಗ್ ಟೇಪ್ ಸುತ್ತಿ, ಮೇಣ ಸವರಿ, ಆಮೇಲೆ ರೆಸಿನ್. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಫೈಬರ್ ಮ್ಯಾಟ್ ಎರಡು ಪದರ ಸಾಕು. ಒಡಲು ಸುಮಾರು ಅರ್ಧ ಕೆಜಿ ಆಗುತ್ತೆ. ಪಾಲಿಯೆಸ್ಟರ್ ಆದರೆ ಕೆಜಿಗೆ 10ರಿಂದ 20 ಗ್ರಾಂ ಹಾರ್ಡ್‌ನರ್. ನಮ್ಮ ಏಪ್ರಿಲ್ ಬಿಸಿಲಿಗೆ 10 ದಾಟಬೇಡಿ, ಕಾದು ಬಿರುಕು ಬಿಡುತ್ತೆ.

ಉದ್ದಕ್ಕೆ ಹೋಲಿಸಿದರೆ ಈ ಹಡಗು ತೀರಾ ಸಪೂರ, ಮೇಲೆ ಭಾರ ಆದರೆ ಮಗುಚುತ್ತೆ. ಹೊಗೆಗೊಳವೆಗೆ ಪಿವಿಸಿ ಪೈಪ್ ಬೇಡ. ಡ್ರಾಯಿಂಗ್ ಶೀಟ್ ಎರಡು ಸುತ್ತು ಸುತ್ತಿ ವಾರ್ನಿಶ್ ಹೊಡೆಯಿರಿ. 6 ವೋಲ್ಟಿನ ಬ್ಯಾಟರಿ, ಸೀಸದ ಚೂರು ಎಲ್ಲ ತಳಕ್ಕೇ ಕೂರಲಿ. ಬಕೆಟ್ ಸಾಲದು, ಟಬ್ಬಿನಲ್ಲಿ ತೇಲಿಸಿ ಬೆರಳಲ್ಲಿ ಓರೆ ಮಾಡಿ ಬಿಡಿ. ತಕ್ಷಣ ನೆಟ್ಟಗಾಗದೆ ತಡವರಿಸಿದರೆ ಭಾರ ಇನ್ನೂ ಕೆಳಗೆ ಬೇಕು ಅಂತ ಅರ್ಥ. ವೇಗ: ಮೂಲ ಹಡಗು 23.5 ನಾಟ್, ಸೆಕೆಂಡಿಗೆ 12 ಮೀಟರ್. ಅಲೆಯ ರೂಪ ಸರಿಯಾಗಿ ಕಾಣಬೇಕಾದರೆ 100ರ ವರ್ಗಮೂಲದಿಂದ ಭಾಗಿಸಿ, 1.2 ಮೀಟರ್. ಅದಕ್ಕಿಂತ ಜೋರು ಓಡಿಸಿದರೆ ಸ್ಪೀಡ್‌ಬೋಟ್ ಥರ ಕಾಣುತ್ತೆ.

ಬಂದರು
ಹೊಗೆಗೊಳವೆ ಮೂರೇ. ನಾಲ್ಕನೆಯದು ಬ್ರಿಟಿಷರ ಯಾರ್ಮೌತ್ ಹಡಗಿನಂತೆ ಕಾಣಲಿ ಅಂತ ಮರದ ಚೌಕಟ್ಟಿಗೆ ಕ್ಯಾನ್ವಾಸ್ ಹೊದಿಸಿದ ಸುಳ್ಳು ಕೊಳವೆ, ಬೇಕಾದಾಗ ಏರಿಸಿ ಇಳಿಸುತ್ತಿದ್ದರು. ಅಕ್ಟೋಬರ್ 28ರಂದು ಪೆನಾಂಗ್ ಬಂದರಿಗೆ ನುಗ್ಗಿ ರಷ್ಯದ ಜೆಮ್ಚುಗ್ ಮುಳುಗಿಸಿದ್ದು ಅದೇ ವೇಷದಲ್ಲಿ. ತೆಗೆದು ಹಾಕುವಂತೆ ಮಾಡಿ, ಕಾಗದದ್ದೇ ಸಾಕು.

10.5 ಸೆಂ.ಮೀ. ಫಿರಂಗಿ ಹತ್ತು: ಮುಂದೆ ಅಕ್ಕಪಕ್ಕ ಎರಡು, ಹಿಂದೆ ಎರಡು, ನಡುವೆ ಒಂದೊಂದು ಮಗ್ಗುಲಿಗೆ ಮೂರು. ನಳಿಗೆ ನಿಮ್ಮ ಸ್ಕೇಲಿಗೆ 42 ಮಿಲಿಮೀಟರ್. ಬಣ್ಣ ಬೂದು. ಬಿಳಿ ಒಡಲು ಚೀನಾದ ತ್ಸಿಂಗ್‌ಟಾವ್‌ನಲ್ಲಿದ್ದ ಶಾಂತಿಕಾಲದ್ದು, ಮದ್ರಾಸಿಗೆ ಹೊಂದಲ್ಲ.

ಸಕ್ಕರೆನಾಡು, ಮಂಡ್ಯ
ನೀರಿನ ಗೆರೆ ಎಳೆಯುವ ಮುಂಚೆ ಕಲ್ಲಿದ್ದಲನ್ನು ಲೆಕ್ಕಕ್ಕೆ ತಗೊಳ್ಳಿ. 12 ಬಾಯ್ಲರ್, ತುಂಬಿಸಿದರೆ 860 ಟನ್. 12 ನಾಟ್‌ನಲ್ಲಿ 3,760 ನಾಟಿಕಲ್ ಮೈಲಿ, ಅಂದರೆ 13 ದಿನ. ದಿನಕ್ಕೆ ಸುಮಾರು 66 ಟನ್. ಹತ್ತಿರದಲ್ಲೆಲ್ಲೂ ಸ್ವಂತ ಬಂದರೇ ಇಲ್ಲದ ಹಡಗಿಗೆ ಇದೇ ದೊಡ್ಡ ಚಿಂತೆ. ಹಾಗಾಗಿ ಡೆಕ್ಕಿನ ಮೇಲೂ ಕಲ್ಲಿದ್ದಲು ಹೇರುತ್ತಿದ್ದರು, ಹಡಗು ತಗ್ಗುತ್ತಿತ್ತು. ಮಾದರಿಯಲ್ಲೂ ಸ್ವಲ್ಪ ಕಪ್ಪು ರಾಶಿ ಇಡಿ, ಗೆರೆ 4 ಕೆಜಿಗೆ ಎಳೆಯಿರಿ.

ಎಮ್ಡೆನ್ ಸೆರೆಹಿಡಿದ ಗ್ರೀಕ್ ಸರಕು ಹಡಗು ಪೊಂಟೊಪೊರೋಸ್‌ನಲ್ಲಿದ್ದದ್ದು ಭಾರತದ ಕಲ್ಲಿದ್ದಲು. ಇಲ್ಲಿ ಬಾಯ್ಲರ್ ಮುಂದೆ ನಿಂತು ಕೆಲಸ ಮಾಡಿದವರಿಗೆ ಗೊತ್ತು, ಬೂದಿ ಜಾಸ್ತಿ ಇದ್ದರೆ ಕ್ಲಿಂಕರ್ (ಕರಗಿ ಗಟ್ಟಿಯಾದ ಬೂದಿ) ಕಟ್ಟಿ ಗಾಳಿಯೇ ಆಡಲ್ಲ. ಹೊಗೆಯೂ ದಟ್ಟ, ಅಡಗಿ ಓಡಾಡುವ ಹಡಗಿಗೆ ಅದೇ ಶತ್ರು. ವೇಲ್ಸಿನ ಒಳ್ಳೆ ಕಲ್ಲಿದ್ದಲು ಸಿಕ್ಕಿದ್ದು ಮದ್ರಾಸ್ ದಾಳಿಯ ಆಮೇಲೆ, ಬ್ಯುರೆಸ್ಕ್ ಎಂಬ ಬ್ರಿಟಿಷ್ ಕಲ್ಲಿದ್ದಲು ಹಡಗು ಹಿಡಿದಾಗ. ಆದ್ದರಿಂದ ಕೊಳವೆಗಳ ಬಾಯಿಗೆ ಮಸಿ ಧಾರಾಳವಾಗಿ ಬಳಿಯಿರಿ. ತಳದ ಪಾಚಿ, ಚಿಪ್ಪು ಕೆರೆದದ್ದೂ ಅಕ್ಟೋಬರ್‌ನಲ್ಲಿ ಡಿಯೆಗೊ ಗಾರ್ಸಿಯಾ ದ್ವೀಪದಲ್ಲೇ. ನೀರಿನ ಗೆರೆಯ ಕೆಳಗೆ ಹಸಿರು ಛಾಯೆ ಇರಲಿ.

ಕೆರೆದಡ, ಮೈಸೂರು
ತುಂಬಾ ಉಪಕಾರ ಆಯ್ತು. ಹಾಗಾದರೆ ಕೊನೆಗೆ ಕೊಕೋಸ್ ದ್ವೀಪಗಳಲ್ಲಿ ಎಮ್ಡೆನ್ ಸೋತದ್ದೂ ಕಲ್ಲಿದ್ದಲಿನಿಂದಲೇನಾ ಸರ್?

ಬಂದರು
ಅಲ್ಲ, ಫಿರಂಗಿಯಿಂದ. ಎಮ್ಡೆನ್ ಒಂದು ಮಗ್ಗುಲಿಂದ ಐದು ಫಿರಂಗಿ ಹಾರಿಸಬಹುದಿತ್ತು, ಎದುರಾದ ಆಸ್ಟ್ರೇಲಿಯಾದ ಯುದ್ಧನೌಕೆ ಸಿಡ್ನಿಯೂ ಐದೇ. ಆದರೆ ಎಮ್ಡೆನ್ ಗುಂಡು 17 ಕೆಜಿ ಚಿಲ್ಲರೆ, ಸಿಡ್ನಿಯದು 45. ಜೊತೆಗೆ 50 ಜನ ನಾವಿಕರು ತಂತಿ ಕಚೇರಿ ಒಡೆಯಲು ದಡಕ್ಕೆ ಹೋಗಿದ್ದರು. ಆದರೂ ಮೊದಲು ಗುರಿ ಹಿಡಿದದ್ದು ಎಮ್ಡೆನ್ನೇ, ಸಿಡ್ನಿಯ ದೂರಮಾಪಕ ಒಂದನ್ನು ಒಡೆದರು. ಆಮೇಲೆ ಎಮ್ಡೆನ್‌ನ ಚುಕ್ಕಾಣಿ ಕೆಟ್ಟಿತು, ಹೊಗೆಗೊಳವೆ ಉರುಳಿದವು. ಕೊಳವೆ ಬಿದ್ದರೆ ಬಾಯ್ಲರಿಗೆ ಗಾಳಿಯ ಸೆಳೆತವೂ ಹೋಯಿತು, ವೇಗವೂ ಹೋಯಿತು. ನವೆಂಬರ್ 9ರ ಮಧ್ಯಾಹ್ನದೊಳಗೆ ಎಮ್ಡೆನ್‌ನ ಕ್ಯಾಪ್ಟನ್ ಮುಲ್ಲರ್ ಹಡಗನ್ನು ನಾರ್ತ್ ಕೀಲಿಂಗ್ ದ್ವೀಪದ ಹವಳದ ದಿಬ್ಬಕ್ಕೆ ಹತ್ತಿಸಿಬಿಟ್ಟರು.

ಉಳಿ-ಸುತ್ತಿಗೆ
ಇನ್ನೊಂದು ಮಾತು, ಶಾಫ್ಟ್ ಟ್ಯೂಬಿನೊಳಗೆ ಗಟ್ಟಿ ಗ್ರೀಸ್ ತುಂಬಿ. ಖಾಲಿ ಬಿಟ್ಟರೆ ನೀರು ಅಲ್ಲಿಂದಲೇ ಮೋಟರಿಗೆ ಬರುತ್ತೆ.