ಮನೆಯಲ್ಲಿರುವ ಬಲ್ಬ್‌ಗಳು ಯಾವ ಬಗೆಯವು ಎಂದು ತಿಳಿಯುವುದು ಹೇಗೆ? ಹೊಸ ಸ್ಪಾಟ್ ಲೈಟ್ ಮಿನುಗುತ್ತಿದೆ

ಪ್ರಶ್ನೆ

ಮೈಸೂರಿನಲ್ಲಿ ಹಳೆಯ ಮನೆಯೊಂದನ್ನು ಕೊಂಡು ಈಚೆಗೆ ವಾಸಕ್ಕೆ ಬಂದಿದ್ದೇವೆ. ಹಿಂದಿನ ಮಾಲೀಕರು ಬೇರೆ ಬೇರೆ ಕಾಲದಲ್ಲಿ ದೀಪಗಳನ್ನು ಹಾಕಿಸಿರುವುದರಿಂದ ಒಂದೊಂದು ಕೋಣೆಯಲ್ಲಿ ಒಂದೊಂದು ಬಗೆಯವು ಇವೆ, ಹಲವುಗಳ ಮೇಲಿನ ಅಕ್ಷರಗಳು ಶಾಖಕ್ಕೆ ಅಳಿಸಿಹೋಗಿವೆ. ಅಡುಗೆಮನೆಯಲ್ಲಿ ಎರಡೂ ತುದಿ ಕಪ್ಪಾಗಿರುವ ಉದ್ದ ಟ್ಯೂಬ್ ಲೈಟ್ ಇದೆ. ವರಾಂಡದಲ್ಲಿ ಹಾಲಿನ ಬಣ್ಣದ ಗುಂಡು ಬಲ್ಬ್ ಇದೆ. ಹಾಲ್‌ನ ಫಾಲ್ಸ್ ಸೀಲಿಂಗ್‌ನಲ್ಲಿ ಸಣ್ಣ ಸ್ಪಾಟ್ ಲೈಟುಗಳಿವೆ. ಇವುಗಳಲ್ಲಿ ಸುಟ್ಟುಹೋಗಿದ್ದ ಒಂದನ್ನು ತೆಗೆದು, ಅಂಗಡಿಯವರು ಅದೇ ಗಾತ್ರದ್ದೆಂದು ಕೊಟ್ಟ 5 ವ್ಯಾಟ್‌ನ ಎಲ್‌ಇಡಿ ಹಾಕಿದೆವು. ಅದು ಉರಿಯುತ್ತದೆ, ಆದರೆ ಒಂದೇ ಸಮನೆ ಮಿನುಗುತ್ತದೆ. ಎಲ್ಲವನ್ನೂ ಎಲ್‌ಇಡಿಗೆ ಬದಲಿಸುವ ಮೊದಲು ಈಗ ಏನೇನಿದೆ ಎಂಬುದನ್ನು ತಿಳಿಯಬೇಕಾಗಿದೆ. ಹೇಗೆ ಗುರುತಿಸಬೇಕು?

ಉತ್ತರ 1 (ವೈರಿಂಗ್ ಕೆಲಸ ಮಾಡುವವರು)

ಬೆಳಕಿನ ಬಣ್ಣವನ್ನು ನೋಡಿ ಬಲ್ಬಿನ ಬಗೆಯನ್ನು ನಿರ್ಧರಿಸಬೇಡಿ. ಹಳದಿ ಬೆಳಕು ಹಳೆಯ ತಂತಿ ಬಲ್ಬಿನದೂ ಆಗಿರಬಹುದು, 2700 ಕೆಲ್ವಿನ್‌ನ ಎಲ್‌ಇಡಿಯದೂ ಆಗಿರಬಹುದು. ನೋಡಬೇಕಾದದ್ದು ಬುಡವನ್ನು, ಅದರ ಹಿಂದೆ ಏನು ಜೋಡಿಸಿದೆ ಎಂಬುದನ್ನು. ಬಲ್ಬನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಅಥವಾ ಆ ಸಾಲಿನ ಎಂಸಿಬಿಯನ್ನು (ಸಾಲಿನ ಕರೆಂಟ್ ಕಡಿಯುವ ಸ್ವಿಚ್ಚನ್ನು) ಇಳಿಸಿರಿ. ಹಳೆಯ ಮನೆಗಳಲ್ಲಿ ಕೆಲವೆಡೆ ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ತಂತಿಯ ಬದಲು ಅದು ಮರಳುವ ನ್ಯೂಟ್ರಲ್ ತಂತಿಗೆ ಕೊಟ್ಟಿರುತ್ತಾರೆ, ಆಗ ಸ್ವಿಚ್ ಆರಿಸಿದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ.

ವರಾಂಡದ ಗುಂಡು ಬಲ್ಬಿನಿಂದ ಆರಂಭಿಸೋಣ. ಎರಡು ಪಿನ್‌ಗಳನ್ನು ಒತ್ತಿ ತಿರುಗಿಸುವ ಬುಡವಾದರೆ ಅದು ನಮ್ಮಲ್ಲಿ ಎಲ್ಲೆಡೆ ಇರುವ ಬಿ22, ತಿರುಪಿನಂತೆ ಸುತ್ತುವ ಬುಡವಾದರೆ ಇ27, ಅದೇ ಸಣ್ಣದಾಗಿದ್ದರೆ ಇ14. ಇಷ್ಟರಿಂದ ಯಾವ ಬಲ್ಬ್ ಕೂರುತ್ತದೆ ಎಂಬುದು ಗೊತ್ತಾಗುತ್ತದೆಯೇ ಹೊರತು ಈಗ ಇರುವುದು ಯಾವುದೆಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಆರಿದ ಬಲ್ಬನ್ನು ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿ. ಲೋಹದ ಟೋಪಿಯವರೆಗೂ ಗಾಜೇ ಇದ್ದು ಕೈಗೆ ಹಗುರವೆನಿಸಿದರೆ ತಂತಿ ಬಲ್ಬ್. ಮೇಲೆ ಪ್ಲಾಸ್ಟಿಕ್ ಗುಮ್ಮಟ, ಕೆಳಗೆ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಕವಚ ಇದ್ದರೆ ಎಲ್‌ಇಡಿ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯನ್ನು ನಮ್ಮ ರಾಜ್ಯದಲ್ಲಿ ಹೊಸಬೆಳಕು ಎಂದು ಕರೆದರು. ಅದರಡಿ ಮನೆಮನೆಗೆ ಬಂದ 9 ವ್ಯಾಟ್‌ನ ಬಲ್ಬ್‌ಗಳು ಈ ಬಗೆಯವೇ. ಗಾಜಿನ ಗುಂಡಿನ ಕೆಳಗೆ ದಪ್ಪನೆಯ ಪ್ಲಾಸ್ಟಿಕ್ ಬುಡವಿದ್ದು, ಹೊತ್ತಿದ ಕೂಡಲೇ ಮಂಕಾಗಿದ್ದು ಕ್ರಮೇಣ ಪೂರ್ಣ ಬೆಳಕಿಗೆ ಬಂದರೆ ಒಳಗೆ ಸುರುಳಿ ಇರುವ ಸಿಎಫ್‌ಎಲ್ ಎಂದು ತಿಳಿಯಿರಿ. ಸ್ಪಷ್ಟ ಗಾಜಿನೊಳಗೆ ಹಳದಿ ಕಡ್ಡಿಗಳು ಕಾಣುವ ಎಲ್‌ಇಡಿಗಳೂ ಈಗ ಬರುವುದರಿಂದ, ಒಳಗೆ ತಂತಿಯಂತಹದ್ದು ಕಂಡ ಮಾತ್ರಕ್ಕೆ ಹಳೆಯ ಬಲ್ಬ್ ಎಂದುಕೊಳ್ಳುವಂತಿಲ್ಲ. ಸಂಶಯವಿದ್ದರೆ ಹೊತ್ತಿಸಿ ಅಂಗೈಯನ್ನು ಹತ್ತಿರ ಹಿಡಿಯಿರಿ, ತಂತಿ ಬಲ್ಬಿನ ಬಿಸಿ ಕ್ಷಣದಲ್ಲೇ ತಾಗುತ್ತದೆ. ದೇವರ ಮನೆಯಲ್ಲಿ ಹಳೆಯ ಜೀರೋ ಬಲ್ಬ್ ಇದ್ದರೆ ಅದನ್ನೂ ಪಟ್ಟಿಗೆ ಸೇರಿಸಿ. ಹೆಸರಿಗಷ್ಟೇ ಅದು ಜೀರೋ, ಸುಮಾರು 15 ವ್ಯಾಟ್ ಎಳೆಯುತ್ತದೆ.

ತುದಿಗಳು ಕಪ್ಪಾಗಿರುವುದರಿಂದ ನಿಮ್ಮ ಟ್ಯೂಬ್ ಎಲ್‌ಇಡಿ ಅಲ್ಲ, ಅನಿಲ ತುಂಬಿದ ಹಳೆಯ ಟ್ಯೂಬ್. ದಪ್ಪ ಸುಮಾರು 38 ಮಿಲಿಮೀಟರ್ ಇದ್ದರೆ ಟಿ12, 26 ಇದ್ದರೆ ಟಿ8, ಬೆರಳಿನಷ್ಟು ತೆಳ್ಳಗೆ 16 ಇದ್ದರೆ ಟಿ5. ಟ್ಯೂಬ್ ಕೂರಿಸಿರುವ ಪಟ್ಟಿಯಲ್ಲಿ ಸಣ್ಣ ಡಬ್ಬಿಯಂತಹ ಸ್ಟಾರ್ಟರ್ ಇದ್ದು, ಹೊತ್ತುವಾಗ ಕೆಲವು ಬಾರಿ ಮಿಣುಕಿದರೆ ತಾಮ್ರದ ಚೋಕ್ (ಟ್ಯೂಬಿನ ಕರೆಂಟನ್ನು ಹಿಡಿತದಲ್ಲಿಡುವ ಸುರುಳಿ) ಇದೆ. ಆಗ 36 ವ್ಯಾಟ್‌ನ ಟ್ಯೂಬಿನ ಜೊತೆ ಚೋಕ್ ತಾನೇ 10 ವ್ಯಾಟ್‌ಗಿಂತ ಹೆಚ್ಚು ಎಳೆಯುತ್ತಿರುತ್ತದೆ. ಇಲ್ಲಿ ಹೆಚ್ಚು ಯೋಚಿಸಬೇಕಿಲ್ಲ, ಪಟ್ಟಿಯ ಸಮೇತ ತೆಗೆದು 20 ವ್ಯಾಟ್‌ನ ಎಲ್‌ಇಡಿ ಪಟ್ಟಿ ಹಾಕಿಸುವುದೇ ಲೇಸು.

ಸ್ಪಾಟ್ ಲೈಟಿನ ವಿಷಯಕ್ಕೆ, ಸುಟ್ಟುಹೋದ ಬಲ್ಬ್ ಇನ್ನೂ ಇದ್ದರೆ ಅದರ ಕಾಲುಗಳು ಹೇಗಿವೆ, ತಂತಿಯ ಹಿಂದೆ ಡಬ್ಬಿ ಇದೆಯೇ ಎಂದು ತಿಳಿಸಿ.

ಉತ್ತರ 2

ಮೇಲಿನ ಉತ್ತರಕ್ಕೆ ಎರಡು ಮಾತು ಸೇರಿಸುತ್ತೇನೆ. ಮೊಬೈಲ್ ಕ್ಯಾಮೆರಾದಲ್ಲಿ ಪಟ್ಟೆಗಳು ಕಂಡರೆ ಹಳೆಯ ಟ್ಯೂಬ್ ಎಂದು ಕೆಲವರು ಹೇಳುತ್ತಾರೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ತಾಮ್ರದ ಚೋಕಿನ ಟ್ಯೂಬ್ ಸೆಕೆಂಡಿಗೆ 100 ಬಾರಿ ಏರಿಳಿಯುವುದರಿಂದ ಪಟ್ಟೆ ಮೂಡುವುದು ನಿಜ, ಆದರೆ ಅಗ್ಗದ ಡ್ರೈವರ್ (ಎಲ್‌ಇಡಿಗೆ ಹೊಂದುವಂತೆ ಕರೆಂಟ್ ಕೊಡುವ ಭಾಗ) ಇರುವ ಎಲ್‌ಇಡಿಯಲ್ಲೂ ಅದೇ ಕಾಣುತ್ತದೆ. ಹಾಗಾಗಿ ಆ ಪರೀಕ್ಷೆಯೊಂದನ್ನೇ ನಂಬಲಾಗದು. ಎರಡನೆಯದಾಗಿ, ಸಿಎಫ್‌ಎಲ್ ಮತ್ತು ಹಳೆಯ ಟ್ಯೂಬ್ ಎರಡರಲ್ಲೂ ಅಲ್ಪ ಪ್ರಮಾಣದ ಪಾದರಸ ಇರುತ್ತದೆ. ಸಿಎಫ್‌ಎಲ್ ಬಿಚ್ಚುವಾಗ ಗಾಜನ್ನು ಹಿಡಿಯದೆ ಪ್ಲಾಸ್ಟಿಕ್ ಬುಡವನ್ನು ಹಿಡಿದು ತಿರುಗಿಸಿ. ಒಡೆದರೆ ಕಿಟಕಿ ತೆರೆದು, ಪೊರಕೆಯಿಂದ ಗುಡಿಸದೆ, ಗಟ್ಟಿ ಕಾಗದದಿಂದ ಬಳಿದು ಮುಚ್ಚಳವಿರುವ ಡಬ್ಬಿಗೆ ಹಾಕಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ವರಾಂಡದ್ದು ಸಿಎಫ್‌ಎಲ್ ಎಂದು ಖಚಿತವಾಯಿತು. ಅಡುಗೆಮನೆಯದು ಟಿ8, ಸ್ಟಾರ್ಟರ್ ಇದೆ. ಸುಟ್ಟುಹೋದ ಸ್ಪಾಟ್ ಬಲ್ಬ್ ಗಾಜಿನ ಬಟ್ಟಲಿನಂತಿದ್ದು, ಹಿಂದೆ ಸೂಜಿಯಂತಹ ಎರಡು ತೆಳು ಕಾಲುಗಳಿವೆ. ಪ್ರತಿಯೊಂದು ದೀಪದ ಹಿಂದೆಯೂ ಚಿಕ್ಕ ಬಿಳಿ ಡಬ್ಬಿಯಿದ್ದು, ಅದರ ಮೇಲೆ 230 ವೋಲ್ಟ್, 12 ವೋಲ್ಟ್, 20–50 ವ್ಯಾಟ್ ಎಂದು ಬರೆದಿದೆ.

ಉತ್ತರ 1

ಹಾಗಾದರೆ ಕಾರಣ ಸ್ಪಷ್ಟವಾಯಿತು. ಅದು ಎಂಆರ್16 ಹ್ಯಾಲೊಜೆನ್ (ತಂತಿ ಬಲ್ಬಿನ ಇನ್ನೊಂದು ಬಗೆ), ಬುಡ ಜಿಯು5.3, ನಡೆಯುವುದು 12 ವೋಲ್ಟಿನಲ್ಲಿ. ಆ ಬಿಳಿ ಡಬ್ಬಿ 230 ವೋಲ್ಟನ್ನು 12ಕ್ಕೆ ಇಳಿಸುವ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್. ಅದರ ಮೇಲಿನ 20–50 ಎಂಬುದರಲ್ಲಿ 50 ಗರಿಷ್ಠ ಮಿತಿಯಾದರೆ 20 ಕನಿಷ್ಠ ಮಿತಿ, ಅಂದರೆ ಅಷ್ಟಾದರೂ ಹೊರೆ ಇಲ್ಲದಿದ್ದರೆ ಅದು ಸ್ಥಿರವಾಗಿ ನಡೆಯದೆ ಶುರುವಾಗಿ ನಿಲ್ಲುತ್ತಿರುತ್ತದೆ. ನಿಮ್ಮ ಎಲ್‌ಇಡಿ ಎಳೆಯುವುದು ಕೇವಲ 5 ವ್ಯಾಟ್. ದೋಷ ಬಲ್ಬಿನದ್ದಲ್ಲ, ಇನ್ನೊಂದು ಬಲ್ಬ್ ತಂದರೂ ಹಾಗೆಯೇ ಮಿನುಗುತ್ತದೆ.

ಸುಲಭದ ದಾರಿ ಎಂದರೆ ಡಬ್ಬಿಯನ್ನು ತೆಗೆದು ಅದರ ಜಾಗದಲ್ಲಿ ನಿಮ್ಮ ಬಲ್ಬಿನ ವ್ಯಾಟಿಗೆ ಹೊಂದುವ 12 ವೋಲ್ಟಿನ ಎಲ್‌ಇಡಿ ಡ್ರೈವರ್ ಹಾಕಿಸುವುದು. ಬಲ್ಬಿನ ಮೇಲೆ 12 ವೋಲ್ಟ್, ಎಸಿ ಮತ್ತು ಡಿಸಿ ಎರಡೂ ಎಂದಿದ್ದರೆ ಈ ಬಲ್ಬನ್ನೇ ಉಳಿಸಿಕೊಳ್ಳಬಹುದು. ಇನ್ನೊಂದು ದಾರಿ, ನೇರ 230 ವೋಲ್ಟಿನಲ್ಲಿ ನಡೆಯುವ ಜಿಯು10 ಹೋಲ್ಡರ್‌ಗೆ ಬದಲಾಯಿಸುವುದು. ಅದರ ಕಾಲುಗಳು ಗುಂಡಿಯಂತೆ ದಪ್ಪಗಿದ್ದು ತಿರುಗಿಸಿ ಕೂರಿಸುವಂತಿರುತ್ತವೆ. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಏಕೆಂದರೆ ಟ್ರಾನ್ಸ್‌ಫಾರ್ಮರ್‌ನಿಂದ ಬಲ್ಬಿಗೆ ಎಳೆದಿರುವ ತಂತಿ ಮತ್ತು ಹೋಲ್ಡರ್ 12 ವೋಲ್ಟಿಗೆಂದು ಹಾಕಿದವು, ಅವುಗಳಿಗೆ 230 ಕೊಡುವಂತಿಲ್ಲ. ನನ್ನನ್ನು ಕೇಳಿದರೆ, ಹ್ಯಾಲೊಜೆನ್ ಶಾಖಕ್ಕೆ ಹೋಲ್ಡರ್‌ಗಳು ಗರಿಗರಿಯಾಗಿದ್ದರೆ ಎರಡನೆಯ ದಾರಿಯೇ ಸರಿ, ಇಲ್ಲದಿದ್ದರೆ ಮೊದಲನೆಯದೇ ಸಾಕು.

ಪ್ರಶ್ನೆ ಕೇಳಿದವರು

ಬಲ್ಬಿನ ಮೇಲೆ ಎಸಿ ಮತ್ತು ಡಿಸಿ ಎರಡೂ ಇವೆ. ಎಲೆಕ್ಟ್ರಿಷಿಯನ್ ಬಂದು ಆ ಒಂದು ದೀಪಕ್ಕೆ ಡ್ರೈವರ್ ಹಾಕಿದ ಮೇಲೆ ಮಿನುಗುವುದು ನಿಂತಿದೆ. ಉಳಿದ ಹೋಲ್ಡರ್‌ಗಳಲ್ಲಿ ಎರಡು ಮುಟ್ಟಿದರೆ ಉದುರುವಂತಿರುವುದರಿಂದ ಅವೆರಡನ್ನು ಮಾತ್ರ ಹೊಸ ತಂತಿ ಎಳೆಸಿ ಜಿಯು10ಕ್ಕೆ ಬದಲಾಯಿಸುತ್ತಿದ್ದೇವೆ. ಎರಡು ಬಗೆಯ ಬಲ್ಬ್‌ಗಳು ಮುಂದೆ ಅದಲುಬದಲಾಗದಂತೆ ಪ್ರತಿ ದೀಪದ ವೋಲ್ಟ್ ಮತ್ತು ಬುಡದ ಬಗೆಯನ್ನು ಚೀಟಿಯಲ್ಲಿ ಬರೆದು ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ಬಾಗಿಲಿನ ಒಳಬದಿಗೆ ಅಂಟಿಸಿದ್ದೇವೆ.