ಕ್ಯಾಲ್ಕುಲೇಟರ್‌ನಲ್ಲಿ ಸೈನ್ 30 ಒತ್ತಿದರೆ ಮೈನಸ್ ಯಾಕೆ ಬರುತ್ತೆ?

ಪ್ರಶ್ನೆ: ಲಂಬಕೋನ ತ್ರಿಭುಜ, ಒಂದು ಕೋನ 30 ಡಿಗ್ರಿ, ವಿಕರ್ಣ 10 ಸೆಂ.ಮೀ. ಅಭಿಮುಖ ಬಾಹು ಬೇಕು. ಸೈನ್ 30 ಒತ್ತಿದರೆ -0.988 ತೋರಿಸುತ್ತೆ. ತಪ್ಪೆಲ್ಲಿ?

ಉತ್ತರ 1: ಕ್ಯಾಲ್ಕುಲೇಟರ್ ರೇಡಿಯನ್ (ಕೋನ ಅಳೆಯೋ ಇನ್ನೊಂದು ಮಾನ) ಮೋಡ್‌ನಲ್ಲಿದೆ. 30 ರೇಡಿಯನ್ ಅಂದ್ರೆ ಸುಮಾರು 1719 ಡಿಗ್ರಿ; ನಾಲ್ಕು ಪೂರ್ತಿ ಸುತ್ತು ಕಳೆದರೆ 279 ಡಿಗ್ರಿ, ಅಲ್ಲಿ ಸೈನ್ ಮೈನಸ್. ಡಿಗ್ರಿಗೆ ಬದಲಿಸಿ, 0.5 ಬರುತ್ತೆ. ಬಾಹು = 10 × 0.5 = 5 ಸೆಂ.ಮೀ. ಲಘುಕೋನದ ಸೈನ್ ಯಾವತ್ತೂ 0 ಮತ್ತು 1ರ ನಡುವೆಯೇ ಇರಬೇಕು. ಇದಕ್ಕಿಂತ ಅಪಾಯ ಗ್ರೇಡಿಯನ್ ಮೋಡ್ (ಲಂಬಕೋನವನ್ನು 100 ಭಾಗ ಮಾಡೋ ಮಾನ): ಅದರಲ್ಲಿ 0.454 ಬರುತ್ತೆ, ನೋಡೋಕೆ ಸರಿಯಾಗೇ ಇರುತ್ತೆ! ಲೆಕ್ಕ ಶುರು ಮಾಡೋ ಮೊದಲು ಒಮ್ಮೆ ಸೈನ್ 30 ಒತ್ತಿ, 0.5 ಬಂತಾ ನೋಡಿ.

ಉತ್ತರ 2: ಮೂರನೇ ಬಾಹು 5√3, ಅಂದಾಜು 8.66. ತಾಳೆ ನೋಡಿ: 25 + 75 = 100. ಒಂದು ಎಚ್ಚರಿಕೆ: 60 ಡಿಗ್ರಿ ಕೋನದಿಂದ ನೋಡಿದರೆ ಇದೇ 8.66 ಅಭಿಮುಖ, 5 ಪಾರ್ಶ್ವ. ವಿಕರ್ಣ ಮಾತ್ರ ಬದಲಾಗಲ್ಲ. ಆದ್ದರಿಂದ ಚಿತ್ರದಲ್ಲಿ ಮೊದಲು ಕೋನ ಗುರುತಿಸಿ, ಆಮೇಲೆ ಬಾಹುಗಳಿಗೆ ಹೆಸರಿಡಿ.

ಉತ್ತರ 3: ಬಾಹುಗಳಿಂದ ಕೋನ ಬೇಕಾದಾಗ ವಿಲೋಮ ಸೈನ್ ಬಳಸಿ. 3, 4, 5 ತ್ರಿಭುಜದಲ್ಲಿ 3 ÷ 5 = 0.6, ಅದರ ವಿಲೋಮ ಸೈನ್ 36.87 ಡಿಗ್ರಿ. ತುಂಬಾ ಜನ 1 ÷ 0.6 ಮಾಡ್ತಾರೆ; ಆ 1.667 ಕೋನವಲ್ಲ, ಕೊಸೆಕೆಂಟ್ (1 ÷ ಸೈನ್).